ಎರಡು ಒಲೆಗಳ ನಡುವಿನ ಮಣೆ

ವಿಶ್ವವಿದ್ಯಾಲಯದ ನೀತಿ ಅಧ್ಯಯನ ಕೇಂದ್ರದಲ್ಲಿ ನಾನು ಸಂಶೋಧನಾ ಸಹಾಯಕಿಯಾಗಿ ಸೇರಿದ ದಿನ ಹಂಚಿನಮನಿ ಮೇಡಮ್ ಹೇಳಿಕೊಟ್ಟ ಮೊದಲ ಪಾಠ, ಎಲ್ಲಿ ನಿಂತು ಪ್ರಶ್ನೆ ಕೇಳಬೇಕು ಎಂಬುದು. ಹೇಗೆ ಕೇಳಬೇಕು, ಉತ್ತರವನ್ನು ಹೇಗೆ ಬರೆದುಕೊಳ್ಳಬೇಕು ಎನ್ನುವುದೆಲ್ಲ ಆಮೇಲೆ ಬಂತು. "ಕಟ್ಟಿ ಮ್ಯಾಲ ಕುಂತ ಕೇಳ್ರಿ, ಬಾಗಲ ಮುಂದ ನಿಂತ ಕೇಳ್ರಿ, ಗಿಡದ ನೆರಳಾಗ ಕೇಳ್ರಿ. ಸೂರಿನ ಕೆಳಗ ಮಾತ್ರ ಫಾರ್ಮ್ ತಗೀಬ್ಯಾಡ್ರಿ," ಎಂದು ಅವರು ಕೇಂದ್ರದ ಅಂಗಳದ ಬೇವಿನ ಗಿಡದ ಕೆಳಗೆ ನಿಂತು ಹೇಳಿದರು. ಹೊಸದಾಗಿ ಆಯ್ಕೆಯಾದ ಆರು ಮಂದಿ ವಿದ್ಯಾರ್ಥಿಗಳು ಕುರಿಗಳ ಹಾಗೆ ತಲೆಯಾಡಿಸಿದೆವು. ಈ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ.

ನಮ್ಮೂರಿನಲ್ಲಿ ಸೂರಿನ ಕೆಳಗೆ ಕೇಳಿದ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅದು ಅಲ್ಲೇ ಕೂತುಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಜಾಗ ಹಿಡಿಯುತ್ತದೆ. ಮೊಣಕಾಲಿಗೆ ತಾಗಿದರೆ ಹಿಟ್ಟಿನ ಚೀಲ ತಾಗಿದ ಹಾಗಿರುತ್ತದೆ. ಬಯಲಿನಲ್ಲಿ ಕೇಳಿದ್ದಾದರೆ ಚಿಂತೆಯಿಲ್ಲ, ಸಂಜೆಯೊಳಗೆ ತಾನೇ ಎದ್ದು ಹೋಗುತ್ತದೆ. ಹಾಗಾಗಿ ಹೆಣ್ಣು ನೋಡುವುದು ನಮ್ಮಲ್ಲಿ ಅಂಗಳದಲ್ಲಿ. ಗಂಡ ಹೆಂಡಿರಿಗೆ ಜಗಳ ಬಂದರೆ ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಇಳಿಯುತ್ತಾರೆ, ನೆರೆಯವರು ಚಹಾ ಹಿಡಿದುಕೊಂಡು ಬಾಗಿಲಿಗೆ ಬರುತ್ತಾರೆ. ಪರೀಕ್ಷೆಗಳು ಗಿಡದ ಕೆಳಗೇ ನಡೆಯುತ್ತವೆ. ಒಂದು ವರ್ಷ ಮಳೆ ಬಂತೆಂದು ಹಾಲ್‌ನಲ್ಲಿ ನಡೆಸಿದ್ದರು, ಹಿಂದಿನ ಬೆಂಚುಗಳ ಕಡೆ ಇವತ್ತಿಗೂ ಕಾಲಿಡಲು ಜಾಗವಿಲ್ಲ. ಪ್ರತಿ ಮನೆಯಲ್ಲೂ ಒಂದೆರಡು ಮಣೆ ಹೆಚ್ಚಿಗೆ ಇರುತ್ತವೆ. ಎಷ್ಟೇ ಜೋಪಾನವಾಗಿದ್ದರೂ ಬಾಯಿ ತಪ್ಪಿ ಯಾವುದಾದರೊಂದು ಪ್ರಶ್ನೆ ಕೂತಿತು ಎನ್ನಿ, ಅದರ ಅಡಿಗೆ ಮಣೆ ಸರಿಸಿ, ಸುತ್ತು ಹಾಕಿಕೊಂಡು ಓಡಾಡುತ್ತ ಜನ ತಮ್ಮ ಬದುಕು ನೋಡಿಕೊಳ್ಳುತ್ತಾರೆ. ನೆಲದ ಮೇಲೆ ಕೂರಿಸುವುದು ಮರ್ಯಾದೆಯಲ್ಲ. ಕೇಳಿದವರೇ ಹೊತ್ತು ಹೊರಗೆ ಹಾಕುತ್ತೇವೆಂದು ಹೋಗಿ ಸೊಂಟ ಹಿಡಿದುಕೊಂಡವರೂ ಇದ್ದಾರೆ.

ನಮ್ಮ ಕೆಲಸ ಮೊದಲ ಒಂದು ತಿಂಗಳು ಪರೀಕ್ಷಾರ್ಥವಾಗಿ ಇತ್ತು. ತಿಂಗಳ ಕಡೆಯ ಶನಿವಾರ ಯಾರು ಎಂ.ಎ. ಮುಗಿಯುವತನಕ ಮುಂದುವರಿಯುತ್ತಾರೆ ಎಂಬ ಪಟ್ಟಿ ಹಚ್ಚುತ್ತಾರೆ. ಯಾರದೋ ಮನೆಯೊಳಗೆ ಪ್ರಶ್ನೆ ಬಿಟ್ಟು ಬಂದವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ನನಗೆ ಆ ಕೆಲಸ ಬೇಕೇ ಬೇಕಿತ್ತು. ಅಪ್ಪ ನಮ್ಮ ಅಂಗಳದಲ್ಲಿ ನಿಂತು ಕಡ್ಡಿ ಮುರಿದ ಹಾಗೆ ಹೇಳಿದ್ದ, "ಕೇಂದ್ರದಾವ್ರು ಇಟ್ಕೊಂಡಷ್ಟ ದಿನ ಓದು ಮಂದಾ. ಅವರು ಬ್ಯಾಡ ಅಂದ ದಿನ ಮದವಿ." ಅಪ್ಪ ಕೆಟ್ಟವನಲ್ಲ. ಆದರೆ ಹೇಳಿದ್ದನ್ನು ಮಾಡುವವನು.

ಆ ತಿಂಗಳು ನಮಗೆ ಕೊಟ್ಟಿದ್ದು ಮನೆಗಳನ್ನು ಎಣಿಸುವ ಕೆಲಸ. ಪುರಸಭೆಯವರು ಊರಿಗೆಲ್ಲ ಹೊಸ ನಂಬರು ಕೊಡಲಿದ್ದರು. ಒಂದು ಒಲೆಗೆ ಒಂದು ನಂಬರು, ಒಂದು ನಂಬರಿಗೆ ಒಂದು ಬಾಗಿಲು ಎಂದು ಅವರ ನಿಯಮ. ಒಂದೇ ಮನೆಯಲ್ಲಿ ಎರಡು ನಂಬರು ಬಂದರೆ ನಡುವೆ ಗೋಡೆ ಎಬ್ಬಿಸುತ್ತಾರೆ. ಹಾಗಾಗಿ ನಮ್ಮ ಫಾರ್ಮಿನ ಮೊದಲನೆಯ ಪ್ರಶ್ನೆಯೇ ಇದು: ಒಂದು ಒಲೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರು ಈ ಮನೆಯಲ್ಲಿ ಎಷ್ಟು ಜನ?

ಕಡೆಯ ವಾರದ ಮಂಗಳವಾರ ಮಟಮಟ ಮಧ್ಯಾಹ್ನ ನಾನು ಕಂಚಗಾರ ಓಣಿಯ ಕಡೆಯ ಮನೆಗೆ ಹೋದೆ. ಅಲ್ಲಿ ಇಬ್ಬರು ನೆಗೆಣ್ಣಿಯರು ಇದ್ದರು, ಅಣ್ಣತಮ್ಮಂದಿರ ಹೆಂಡಂದಿರು. ಈಗ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಹಿರಿಯಳು ಸಂಕವ್ವ, ಅರವತ್ತೈದರ ಮೇಲಿನ ಗಟ್ಟಿ ಹೆಂಗಸು. ಅವಳಿಗಿಂತ ಹತ್ತು ವರ್ಷ ಚಿಕ್ಕವಳು ಚಂದ್ರವ್ವ, ಮಾತು ಕಡಿಮೆ. ಬಾಗಿಲಿಗೆ ಬಂದ ಸಂಕವ್ವ ನನ್ನ ಮೋರೆ ನೋಡಿ, "ಬಿಸಲಾಗ ಸುಟ್ಟ ಬದನಿಕಾಯಿ ಆಗೀ ಯವ್ವಾ. ಒಳಗ ಬಾ, ಮಜ್ಜಿಗಿ ಕುಡಿ," ಎಂದಳು. ಮಜ್ಜಿಗೆ ಕುಡಿಯಬಾರದೆಂದು ಮೇಡಮ್ ಹೇಳಿರಲಿಲ್ಲವಲ್ಲ ಎಂದು ನಾನು ಒಳಗೆ ಹೋದೆ.

ಅಡುಗೆಮನೆ ದೊಡ್ಡದು. ಈ ಗೋಡೆಗೊಂದು ಒಲೆ, ಆ ಗೋಡೆಗೊಂದು ಒಲೆ. ನಡುವೆ ಒಂದು ಮಣೆ, ಅದರ ಮುಂದೆ ಒಂದು ಹಿತ್ತಾಳೆ ತಾಟು. ಯಾವುದೋ ಹಳೆಯ ಪ್ರಶ್ನೆ ಕೂತಿದೆ ಎಂದು ತಿಳಿದು ನಾನು ಸುತ್ತು ಹಾಕಿ ಹೋಗಿ ಕೂತೆ. ಹಸಿಶುಂಠಿ ಜಜ್ಜಿ ಹಾಕಿದ ಮಜ್ಜಿಗೆ ಎರಡು ಲೋಟ ಇಳಿಯುತ್ತಲೇ ಹೊಟ್ಟೆ ತಣ್ಣಗಾಯಿತು, ಬುದ್ಧಿಯೂ ತಣ್ಣಗಾಯಿತು. ತೊಡೆಯ ಮೇಲೆ ಫಾರ್ಮ್ ಇತ್ತು, ಕೈಯಲ್ಲಿ ಪೆನ್ಸಿಲ್ ಇತ್ತು, ಮೂರು ವಾರದಿಂದ ದಿನಕ್ಕೆ ಇಪ್ಪತ್ತು ಸಲ ಕೇಳಿ ರೂಢಿಯಾದ ನಾಲಿಗೆ ಇತ್ತು. "ಒಂದ ಒಲಿ ಮ್ಯಾಲಿಂದ ಉಣ್ಣಾವ್ರು ಈ ಮನ್ಯಾಗ ಎಷ್ಟ ಮಂದಿ ಅದೀರಿ?" ಎಂದು ಕೇಳಿಯೇಬಿಟ್ಟೆ.

"ನಾ ಒಬ್ಬಾಕಿ," ಎಂದಳು ಸಂಕವ್ವ ರೊಟ್ಟಿ ಬಡಿಯುತ್ತ.

"ನಾ ಒಬ್ಬಾಕಿ," ಎಂದಳು ಚಂದ್ರವ್ವ ತನ್ನ ಒಲೆಯ ಕಡೆಯಿಂದ.

ಒಂದು ಬಾಗಿಲು, ಒಂದು ಫಾರ್ಮ್, ಇಬ್ಬರು ಒಬ್ಬೊಬ್ಬರು. ನನ್ನ ಪೆನ್ಸಿಲ್ ಗಾಳಿಯಲ್ಲೇ ನಿಂತಿತು. ಆಗಷ್ಟೇ ನಾನು ಎಲ್ಲಿ ಕೂತಿದ್ದೇನೆ ಎಂಬ ಎಚ್ಚರ ಬಂತು. ಎದ್ದೆ. ಮೊಣಕಾಲಿಗೆ ಮೆತ್ತಗೆ ಏನೋ ತಾಗಿತು. ಸಂಕವ್ವನಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. "ಕುಂತಬಿಡ್ತ ನೋಡು. ಒಂದ ಇದ್ದಲ್ಲೆ ಎರಡಾದುವು," ಎಂದಳು. ಚಂದ್ರವ್ವ ಗೋಡೆಗೆ ಒರಗಿಸಿದ್ದ ಇನ್ನೊಂದು ಮಣೆ ತಂದು ಸರಿಸಿದಳು.

ಮರುದಿನ ಕೇಂದ್ರದ ಅಂಗಳದಲ್ಲಿ ನನ್ನ ಜೊತೆಯ ಸಹಾಯಕ ನದಾಫ್, "ಮಂದಾ, ಎರಡ ಲೋಟ ಮಜ್ಜಿಗಿಗೆ ನೌಕರಿ ಕಳ್ಕೊಂಡಾಕಿ ನೀನ ಮೊದಲು," ಎಂದು ನಕ್ಕ. ನನ್ನ ಕಣ್ಣಲ್ಲಿ ನೀರು ಕಂಡು ಪಾಪ ಅವನೇ ಹೋಗಿ ಮೇಡಮ್‌ರನ್ನು ಕರೆದುಕೊಂಡು ಬಂದ. ಮೇಡಮ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಫಾರ್ಮಿನಾಗ ಮನಿ ಅಂದ್ರ ಏನಂತ ಬರದೀವಿ, ಮಂದಾಕಿನಿ?" ಎಂದು ಗಿಡದ ಕೆಳಗೆ ನಿಂತು ಕೇಳಿದರು.

"ಒಂದು ಒಲೆ ಅಂದರೆ ಒಂದು ಮನೆ, ಮೇಡಮ್."

"ಹಂಗಾರ ಅಲ್ಲಿ ಎರಡ ಮನಿ ಅದಾವ. ಎರಡು ಫಾರ್ಮ್ ತುಂಬಿ ಇಬ್ಬರ ಕಡೆಯಿಂದನೂ ಸಹಿ ತಗೊಂಡ ಬಾ. ಉತ್ತರ ಸಿಕ್ಕರ ನಿನ್ನ ಪ್ರಶ್ನೆ ಎದ್ದ ಹೋಗತೈತಿ. ಶನಿವಾರ ನಾ ಪಟ್ಟಿ ಹಚ್ಚಬೇಕು."

ಎಷ್ಟು ಸುಲಭ ಎನಿಸಿತು. ಆದರೂ ಆ ದಿನ ಕಂಚಗಾರ ಓಣಿಗೆ ಹೋದವಳು ಎರಡನೆಯ ಫಾರ್ಮನ್ನು ಚೀಲದಿಂದ ತೆಗೆಯಲಿಲ್ಲ. ಹೋದ ತಕ್ಷಣ ಮಜ್ಜಿಗೆ ಬಂತು, ಮಜ್ಜಿಗೆ ಮುಗಿಯುವುದರೊಳಗೆ ಅವರ ಊಟದ ಹೊತ್ತಾಯಿತು, ನಾನು ಮೂಲೆಯಲ್ಲಿ ಕೂತು ನೋಡಿದೆ. ಸಂಕವ್ವ ತನ್ನ ಒಲೆಯ ಮೇಲೆ ಬರೀ ರೊಟ್ಟಿ ಮಾಡಿದಳು. ಪಲ್ಲೆ ಇಲ್ಲ, ಸಾರಿಲ್ಲ. ಚಂದ್ರವ್ವ ತನ್ನ ಒಲೆಯ ಮೇಲೆ ಬದನೆಕಾಯಿ ಪಲ್ಲೆ ಮಾಡಿದಳು, ಬೇಳೆ ಕುದಿಸಿದಳು. ರೊಟ್ಟಿ ಇಲ್ಲ. ಸಂಕವ್ವ ಎರಡು ರೊಟ್ಟಿ ತಂದು ಹಳೆಯ ಪ್ರಶ್ನೆಯ ಮುಂದಿನ ತಾಟಿನಲ್ಲಿ ಇಟ್ಟು, ನನ್ನ ಕಡೆ ನೋಡಿ, "ಜೀವ ಇದ್ದಂಗ ಕುಂತೈತಿ, ಅದಕ್ಕೂ ಒಂದ ತುತ್ತು," ಎಂದಳು. ಚಂದ್ರವ್ವ ಒಂದು ಬಟ್ಟಲು ಪಲ್ಲೆ ತಂದು ಅದೇ ತಾಟಿನಲ್ಲಿ ಇಟ್ಟಳು. ಆಮೇಲೆ ಸಂಕವ್ವ ಕೈ ತೊಳೆಯುವ ನೆಪದಲ್ಲಿ ಬಂದು ಬಟ್ಟಲು ಎತ್ತಿಕೊಂಡು ಹೋದಳು. ಚಂದ್ರವ್ವ ನೀರು ಕುಡಿಯುವ ನೆಪದಲ್ಲಿ ಬಂದು ರೊಟ್ಟಿ ಎತ್ತಿಕೊಂಡು ಹೋದಳು. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತು ಉಂಡರು. ತಾಟು ಬರಿದಾಗಿತ್ತು.

ಗುರುವಾರ ಸಂಕವ್ವ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ತಾನೇ ಮಾತು ತೆಗೆದಳು. "ಹಳೇದು ನಂದು. ಹನ್ನೊಂದ ವರ್ಷ ಆತು. ನಮ್ಮನಿಯವ್ರು ನಾಕ ತಿಂಗಳ ಹಾಸಿಗಿ ಹಿಡದಿದ್ರು. ಈಕಿ ನನಗಿಂತ ಒಂದ ಕೈ ಹೆಚ್ಚಗೇ ಮಾಡಿದಳು, ಸುಳ್ಳ ಯಾಕ ಹೇಳ್ಲಿ. ಆದರ ಅವರು ಹ್ವಾದ ಮಧ್ಯಾಹ್ನ ಈಕಿ ಮನ್ಯಾಗ ಇರಲಿಲ್ಲ. ನಾ ಒಬ್ಬಾಕಿನ ಅವರ ಕೈ ಹಿಡ್ಕೊಂಡ ಕುಂತಿದ್ದೆ. ಮಂದಿ ಹ್ವಾದ ಮ್ಯಾಲ ಅಡಗಿಮನ್ಯಾಗ, ನೀ ಎಲ್ಲಿ ಹೋಗಿದ್ದಿ ಅಂತ ಕೇಳ್ದೆ. ಬಾಯಿ ಬಿಡಲಿಲ್ಲ. ಅದು ಒಲಿ ಮುಂದ ಕುಂತಬಿಡ್ತು. ನಡುವ ಅದು ಕುಂತರ ಒಂದ ಒಲಿಗೆ ಇಬ್ಬರ ಕೈ ನಿಲುಕಲಿಲ್ಲ, ಅದಕ್ಕ ಎರಡ್ನೇ ಒಲಿ ಹೂಡಿದ್ವಿ." ಓಣಿಯ ಕಡೆ ನೋಡುತ್ತ, "ಸಿಟ್ಟು ಎಂದೋ ಹ್ವಾತವಾ. ಅದು ಹೋಗ್ಲಿಲ್ಲ," ಎಂದಳು.

ನಾನು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ ಎಂದು ಬರೆದರೆ ದೊಡ್ಡಸ್ತಿಕೆಯಾದೀತು. ಚೆನ್ನಾಗಿಯೇ ಮಲಗಿದೆ. ನನಗೆ ನನ್ನ ಪಟ್ಟಿಯ ಚಿಂತೆ. ಶುಕ್ರವಾರ ಬೆಳಿಗ್ಗೆ ಎದ್ದು, ಎರಡೂ ಫಾರ್ಮ್ ತೆಗೆದುಕೊಂಡು, ಮಜ್ಜಿಗೆ ಮುಟ್ಟುವುದಿಲ್ಲವೆಂದು ಶಪಥ ಮಾಡಿಕೊಂಡು ಹೋದೆ. ಒಂದರಲ್ಲಿ ಸಂಕವ್ವ, ಒಬ್ಬಳು. ಇನ್ನೊಂದರಲ್ಲಿ ಚಂದ್ರವ್ವ, ಒಬ್ಬಳು. ಸಂಕವ್ವ ಹೆಬ್ಬೆಟ್ಟು ಒತ್ತಿದಳು. ಚಂದ್ರವ್ವ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಗೋಡೆಯ ವಿಷಯ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಕೆಲಸ ಮುಗಿಯಿತೆಂದು ಉಸಿರು ಬಿಟ್ಟು ನನ್ನ ಪ್ರಶ್ನೆಯ ಮಣೆಯ ಕಡೆ ಕಾಲು ಚಾಚಿದೆ.

ಕಾಲಿಗೆ ಹಿಟ್ಟಿನ ಚೀಲ ತಾಗಿತು. ಅದು ಅಲುಗಿರಲಿಲ್ಲ.

ನನಗೆ ನಾಚಿಕೆಯಾಯಿತು. ಫಾರ್ಮಿಗೆ ಗೊತ್ತಾಗದ್ದು ನನ್ನ ಪ್ರಶ್ನೆಗೆ ಗೊತ್ತಾಗಿತ್ತು. ಮೂಲೆಯಲ್ಲಿ ಕೂತು ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೇನೋ ಬರೆಸಿಕೊಂಡಿದ್ದೆ, ಅದೂ ನನ್ನ ಹೆಸರು ಉಳಿಸಿಕೊಳ್ಳಲು. "ಅವ್ವಾರ, ನಾವು ಸುಳ್ಳ ಬರದೀವಿ," ಎಂದೆ. "ಒಲಿ ಎರಡ ಇರಬಹುದು. ರೊಟ್ಟಿ ಅಲ್ಲಿಂದು, ಪಲ್ಲೆ ಇಲ್ಲಿಂದು. ಆ ತಾಟಿನಾಗಿಂದ ಯಾವ ಪ್ರಶ್ನಿನೂ ಒಂದ ತುತ್ತ ಉಂಡಿಲ್ಲ, ನಾ ನೋಡೀನಿ. ಈ ಎರಡು ಫಾರ್ಮ್ ಒಯ್ದು ಕೊಟ್ರ ಪುರಸಭಾದಾವ್ರು ಎರಡ ನಂಬರ ಕೊಟ್ಟು ನಡುವ ಗ್ವಾಡಿ ಕಟ್ಟಸ್ತಾರ. ಆಮ್ಯಾಲ ತಾಟ ಇಡಾಕ ಜಾಗ ಇರೂದಿಲ್ಲ."

ಸಂಕವ್ವನ ಕೈಯಲ್ಲಿ ರೊಟ್ಟಿ ಅರ್ಧಕ್ಕೇ ನಿಂತಿತು. ಚಂದ್ರವ್ವ ಪಲ್ಲೆಯ ಪಾತ್ರೆಗೆ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆಮೇಲೆ ಒಲೆಯ ಕಡೆಗೇ ಮುಖ ಮಾಡಿಕೊಂಡು ಬಾಯಿ ತೆರೆದಳು.

"ಸಿನಿಮಾಕ್ಕ ಹೋಗಿದ್ದೆ ಅಕ್ಕಾ."

ಹನ್ನೊಂದು ವರ್ಷ ಅಕ್ಕಾ ಎನ್ನದ ಬಾಯಿ ಅದು. ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. "ನಾಕ ತಿಂಗಳ ಆ ಔಷಧದ ವಾಸನಿ, ಅವರ ನರಳಾಟ. ಒಂದ ಮಧ್ಯಾಹ್ನ, ಯಾರೂ ಸಾಯಲಾರದ ಜಾಗಾದಾಗ ಕುಂದರಬೇಕ ಅನಿಸ್ತು. ನೀ ಅವರ ಕಾಲ ಒತ್ಕೋತ ಕುಂತಿದ್ದಿ. ಹಿತ್ತಲ ಬಾಗಲದಿಂದ ಹ್ವಾದೆ. ಇಂಟರ್ವೆಲ್ ಆತು, ಭಾವಗ ಗಂಜಿ ಕೊಡೂ ಹೊತ್ತಾತಂತ ಎದ್ದ ಓಡಿ ಬಂದೆ. ಬರೂದ್ರಾಗ ಅಂಗಳದಾಗ ಮಂದಿ ಕೂಡಿತ್ತು. ಹೆಣದ ಮುಂದ ನಿಂತು ಸಿನಿಮಾ ಅನ್ನಾಕ ನಾಲಿಗಿ ಏಳಲಿಲ್ಲಕ್ಕಾ. ಆಮ್ಯಾಲ ದಿನಾ ಹೇಳಬೇಕಂತಿದ್ದೆ. ದಿನಾ ಒಂದ ದಿನ ತಡಾ ಆಕ್ಕಿತ್ತು."

ನಡುವಿನ ತಾಟು ತಾನಾಗಿ ಠಣ್ ಎಂದಿತು. ಹಳೆಯ ಮಣೆ ಬರಿದಾಗಿತ್ತು.

ಸಂಕವ್ವ ಎದ್ದಳು. ರೂಢಿಯ ಪ್ರಕಾರ ಸುತ್ತು ಹಾಕಲು ಹೋಗಿ, ನಿಂತಳು. ಒಂದು ಕಾಲೆತ್ತಿ ಆ ಜಾಗದ ಮೇಲೆ ಇಟ್ಟು ನೋಡಿದಳು, ನೀರಿಗೆ ಇಳಿಯುವವರು ಆಳ ನೋಡುವ ಹಾಗೆ. ನೆಲ ಸಿಕ್ಕಿತು. ನೆಟ್ಟಗೆ ನಡೆದು ಹೋಗಿ ಚಂದ್ರವ್ವನ ಮಗ್ಗುಲಲ್ಲಿ ಕೂತಳು. ಹಿಟ್ಟಿನ ಕೈಯಿಂದಲೇ ಅವಳ ಬೆನ್ನು ಸವರಿದಳು. ಕಪ್ಪು ಸೀರೆಯ ಮೇಲೆ ಐದು ಬೆರಳೂ ಮೂಡಿದವು. ನಾನು ಮೂಲೆಯಲ್ಲಿ ಕೂತು ಸದ್ದಿಲ್ಲದೆ ಅಳುತ್ತಿದ್ದೆ, ಅವರಿಬ್ಬರಿಗೂ ನನ್ನ ಗೊಡವೆ ಇರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಸಂಕವ್ವ, "ಚೊಲೋ ಇತ್ತೇನ ಸಿನಿಮಾ?" ಎಂದಳು.

"ಭಾಳ ಚೊಲೋ ಇತ್ತಕ್ಕಾ. ಆ ಹುಡುಗಿ ಅಂವನ ಮ್ಯಾಲ ಸಿಟ್ಟಾಗಿ ದೋಣ್ಯಾಗ ಕುಂತ ಹೋಗಿಬಿಡತಾಳ. ಅಂವಾ ಹೊಳಿ ದಂಡಿ ಮ್ಯಾಲ ಕಂದೀಲ ಹಿಡ್ಕೊಂಡ ನಿಂತಿರ್ತಾನ. ಅಲ್ಲಿಗೆ ಇಂಟರ್ವೆಲ್."

"ತಿರಗಿ ಬಂದಳೇನು ಮತ್ತ?"

"ಗೊತ್ತಿಲ್ಲಕ್ಕಾ."

ಗೊತ್ತಿಲ್ಲ ಎನ್ನುವುದನ್ನು ನಮ್ಮೂರಿನ ಪ್ರಶ್ನೆಗಳು ಉತ್ತರವೆಂದು ಒಪ್ಪುವುದಿಲ್ಲ. ಬರಿದಾಗಿದ್ದ ಮಣೆಯ ಮೇಲೆ ಮತ್ತೇನೋ ಬಂದು ಕೂತಿತು, ತಾಟು ಸ್ವಲ್ಪ ಸರಿಯಿತು. ಮೂವರೂ ಆ ಕಡೆ ನೋಡಿದೆವು. ಮೊದಲು ನಕ್ಕವಳು ಚಂದ್ರವ್ವ. ಸಂಕವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನನಗೆ, "ಆ ಎರಡೂ ಹರದ ಹಾಕು. ಇಬ್ಬರು ಅಂತ ಬರಕೋ," ಎಂದಳು. ಬರೆದುಕೊಂಡೆ. ಷರಾ ಎಂಬ ಕಡೆಯ ಕಾಲಮಿನಲ್ಲಿ ಯಾರೂ ಎಂದೂ ಏನೂ ಬರೆಯುವುದಿಲ್ಲ, ನಾನು ಬರೆದೆ: ಒಲೆ ಎರಡು, ಅಡುಗೆ ಒಂದು. ಏಳುವಾಗ ಮೊಣಕಾಲಿಗೆ ಏನೂ ತಾಗಲಿಲ್ಲ.

ಶನಿವಾರ ಮೇಡಮ್‌ಗೆ ಬೇವಿನ ಗಿಡದ ಕೆಳಗೆ ಎಲ್ಲವನ್ನೂ ಹೇಳಿದೆ, ಸುಳ್ಳು ಫಾರ್ಮಿಗೆ ಸಹಿ ಮಾಡಿಸಿದ್ದನ್ನೂ ಬಿಡಲಿಲ್ಲ. ಅವರು ಷರಾ ಕಾಲಮನ್ನು ಎರಡು ಸಲ ಓದಿದರು. "ನಿನ್ನ ಪ್ರಶ್ನೆ ಆ ಮನ್ಯಾಗ ಉಳದೈತೇನು?" ಎಂದರು.

"ಇಲ್ಲ ಮೇಡಮ್. ಈಗ ಕುಂತಿರೋದು ಅವರದ. ಅದನ್ನ ಅವರು ಹೋಗಗೊಡೋದಿಲ್ಲ."

ಮೇಡಮ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅಚ್ಚಾದ ಫಾರ್ಮಿನಲ್ಲಿ ಒಲೆ ಎಂಬ ಪದವನ್ನು ಹೊಡೆದು ಹಾಕಿ, ಮೇಲೆ ಅಡುಗೆ ಎಂದು ಬರೆದು, ಎರಡು ಒಲೆ ಕಂಡ ಮನೆಗಳಿಗೆಲ್ಲ ಮತ್ತೊಮ್ಮೆ ಹೋಗಿ ಬರಬೇಕೆಂದು ಆರೂ ಮಂದಿಗೆ ಅಪ್ಪಣೆ ಮಾಡಿದರು. ಕಟ್ಟೆಯ ಮೇಲೆ ಕೂತು ಕೇಳಿ ಬಂದವರಿಗೆ ಅಡುಗೆಮನೆ ಕಾಣುವುದಿಲ್ಲವೆಂದು ತಮ್ಮ ಪಾಠಕ್ಕೂ ಒಂದು ತಿದ್ದುಪಡಿ ಹಾಕಿದರು: ಒಳಗೆ ಹೋಗಿ, ಮಜ್ಜಿಗೆ ಕುಡಿಯಿರಿ, ಬಾಯಿ ಮುಚ್ಚಿಕೊಂಡು ನೋಡಿ. ನದಾಫ್ ಒಂದು ತಿಂಗಳು ನನಗೆ ಶಾಪ ಹಾಕುತ್ತ ಬಿಸಿಲಲ್ಲಿ ಅಲೆದ. ಪಟ್ಟಿಯಲ್ಲಿ ನನ್ನ ಹೆಸರು ಕಡೆಯದು. ಅಪ್ಪ ಅದನ್ನು ನೋಡಲು ತಾನೇ ಬಂದು, ಬೆರಳಿಟ್ಟು ಓದಿ ಹೋದ.

ಕಂಚಗಾರ ಓಣಿಯ ಮನೆಗೆ ಒಂದೇ ನಂಬರು ಬಂತು. ಒಲೆಗಳು ಮಾತ್ರ ಎರಡೇ ಉಳಿದವು, ನಡುವಿನ ಮಣೆ ಹಾಗೇ ಇತ್ತಲ್ಲ. ಭಾನುವಾರ ಭಾನುವಾರ ನಾನು ಊಟಕ್ಕೆ ಹೋಗುತ್ತಿದ್ದೆ. ಆ ಒಲೆಯಿಂದ ಈ ಒಲೆಗೆ ಮಾತೋ ಮಾತು. ಹುಡುಗಿ ತಿರುಗಿ ಬಂದಿರುತ್ತಾಳೆ ಎಂದು ಒಬ್ಬಳು, ಅಂಥ ಗಂಡಸಿನ ಹತ್ತಿರ ಬರಬಾರದು ಎಂದು ಇನ್ನೊಬ್ಬಳು. ಮುಂದಿನ ವಾರ ಪಕ್ಷ ಅದಲುಬದಲು. ನಾ ಬೇರೆ ಬಾಯಿ ಹಾಕಿದರೆ ಇಬ್ಬರೂ ಒಂದಾಗಿ ನನ್ನ ಮೇಲೆ ಬೀಳುತ್ತಿದ್ದರು.

ಎಂ.ಎ. ಮುಗಿಯುವ ವರ್ಷ ಆ ಸಿನಿಮಾ ನಮ್ಮೂರಿನ ಟಾಕೀಸಿಗೆ ಮತ್ತೆ ಬಂತು. ಗೋಡೆಯ ಮೇಲಿನ ಪೋಸ್ಟರಿನಲ್ಲಿ ದೋಣಿ, ಹೊಳೆ, ಕಂದೀಲು ಹಿಡಿದ ನಾಯಕನನ್ನು ಕಂಡ ನಾನು ಏದುಸಿರು ಬಿಡುತ್ತ ಓಡಿ ಹೋಗಿ ಹೇಳಿದೆ. ಇಬ್ಬರೂ ಇಳಕಲ್ ಸೀರೆ ಉಟ್ಟು, ಚಂದ್ರವ್ವ ಮುಡಿಗೆ ಅಬ್ಬಲಿಗೆ ಮುಡಿದು, ಮಧ್ಯಾಹ್ನದ ಆಟಕ್ಕೆ ಹೊರಟರು. ನಾನು ನಡುವೆ ಕೂತೆ. ಸಂಕವ್ವ ಮೊದಲಿನಿಂದಲೇ ನಾಯಕಿಗೆ ಬುದ್ಧಿ ಹೇಳುತ್ತಿದ್ದಳು. ಹುಡುಗಿ ಸಿಟ್ಟಾದಳು, ದೋಣಿಯಲ್ಲಿ ಕೂತಳು, ಹೊಳೆಯ ನಡುವಿಗೆ ಹೋದಳು. ದಂಡೆಯ ಮೇಲೆ ಕಂದೀಲು ನಿಂತಿತು. ದೀಪಗಳು ಹತ್ತಿದವು.

ನಾನು ಶೇಂಗಾ ಪೊಟ್ಟಣ ಬಿಚ್ಚುತ್ತಿದ್ದೆ. ನೋಡಿದರೆ ಇಬ್ಬರೂ ಎದ್ದು ನಿಂತಿದ್ದಾರೆ.

"ಇನ್ನೂ ಅರ್ಧ ಐತಿ ಅವ್ವಾರ," ಎಂದೆ.

"ಗೊತ್ತೈತಿ," ಎಂದಳು ಸಂಕವ್ವ, ಚಂದ್ರವ್ವನ ಕೈ ಹಿಡಿದುಕೊಂಡು. "ಪೂರಾ ನೋಡಿದ್ರ ಅದು ಎದ್ದ ಹೋಗತೈತಿ. ನೀ ಬೇಕಾದ್ರ ನೋಡಿ ಬಾ ಯವ್ವಾ. ಮನಿಗೆ ಬಂದು ಮಾತ್ರ ಹೇಳಬ್ಯಾಡ."

ನಿಜ ಹೇಳುತ್ತೇನೆ, ನನಗೆ ಕಾಲು ಏಳಲಿಲ್ಲ. ಎರಡು ವರ್ಷ ಉತ್ತರಗಳನ್ನೇ ಹುಡುಕಿದ ಹಾಳು ಚಟ. ಆಟ ಮತ್ತೆ ಶುರುವಾಗುವ ಗಂಟೆ ಬಾರಿಸಿತು. ಬಾಗಿಲಿನ ಬೆಳಕಿನಲ್ಲಿ ಇಬ್ಬರು ಮುದುಕಿಯರು ಕೈ ಕೈ ಹಿಡಿದು, ಗಂಜಿಗೆ ಹೊತ್ತಾದವರ ಹಾಗೆ ಬಿರಬಿರನೆ ಹೋಗುತ್ತಿದ್ದರು. ನಾನು ಶೇಂಗಾ ಪೊಟ್ಟಣ ಮಡಚಿಕೊಂಡು ಎದ್ದು ಅವರ ಹಿಂದೆ ಓಡಿದೆ.

ಮನೆಗೆ ಬಂದಾಗ ಅದು ಮಣೆಯ ಮೇಲೆ ಹಾಗೇ ಕೂತಿತ್ತು. ಸಂಕವ್ವ ಒಲೆ ಹೊತ್ತಿಸಿದಳು. ಚಂದ್ರವ್ವ ಪಲ್ಲೆ ಬಿಸಿ ಮಾಡಿ ತಂದು ತಾಟಿನಲ್ಲಿ ಇಟ್ಟಳು, ಸಂಕವ್ವ ಅದರ ಪಕ್ಕ ಮೂರು ರೊಟ್ಟಿ ಇಟ್ಟಳು. ನಾವು ಮೂವರೂ ಅದರ ಸುತ್ತ ಕೂತು ಒಂದೇ ತಾಟಿನಲ್ಲಿ ಉಂಡೆವು.